ಚಾಕುವಿಗೆ ದಾರ ಕಟ್ಟಲು ಹತ್ತು ಕಾರಣ (ಸದ್ಯಕ್ಕೆ ಏಳು)

ಎಲ್ಲಿಂದ ಶುರು ಮಾಡಲಿ? ಚಾಕುವಿನಿಂದಲೋ, ದಾರದಿಂದಲೋ? ಚಾಕುವಿನಿಂದ ಶುರು ಮಾಡಿದರೆ ಕೊಲೆ ಯಾವಾಗ ಆಗುತ್ತದೆ ಎಂದು ನೀವು ಕಾಯುತ್ತೀರಿ. ಆಗುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ದಾರದಿಂದ ಶುರು ಮಾಡಿದರೆ ಎರಡನೇ ಸಾಲಿಗೇ ಆಕಳಿಸುತ್ತೀರಿ. ಆದ್ದರಿಂದ ಅಂಗಡಿಯಿಂದ ಶುರು ಮಾಡುತ್ತೇನೆ.

ನಮ್ಮ ಬೀದಿಯ ತಿರುವಿನಲ್ಲಿ ಮಡಚುವ ಚಾಕು, ಟಾರ್ಚು, ಬೀಗ ಮಾರುವ ಅಂಗಡಿಯೊಂದಿದೆ. ಅಂಗಡಿಯವರು ಹೊಸದಾಗಿ ಒಂದು ಸರಕು ತರಿಸಿದ್ದರು. ಚಾಕುವಿನ ಹಿಡಿಯ ತುದಿಯಲ್ಲಿ ಸಣ್ಣ ತೂತು ಇರುತ್ತದಲ್ಲ, ಅದಕ್ಕೆ ಪೋಣಿಸುವ ಬಣ್ಣಬಣ್ಣದ ದಾರ. ಯಾರೂ ತಿರುಗಿ ನೋಡುತ್ತಿರಲಿಲ್ಲ.

"ನೀವು ಬರೀತೀರಲ್ಲ, ಒಂದು ಪುಟ ಬರೆದುಕೊಡಿ," ಎಂದರು. "ಈ ದಾರ, ಲ್ಯಾನ್ಯಾರ್ಡ್ ಅಂತಾರೆ, ಯಾಕೆ ಕಟ್ಟಬೇಕು ಅಂತ ಹತ್ತು ಕಾರಣ. ಡಬ್ಬಿ ಒಳಗೆ ಮಡಚಿ ಹಾಕ್ತೀನಿ. ಜನ ಓದ್ತಾರೆ."

ಜನ ಓದುತ್ತಾರೆ ಎಂಬ ಮಾತನ್ನು ಇಷ್ಟು ನಂಬಿಕೆಯಿಂದ ನನಗೆ ಯಾರೂ ಹೇಳಿರಲಿಲ್ಲ, ನನ್ನ ಪ್ರಕಾಶಕರೂ ಸೇರಿ. ಅಲ್ಲೇ ಒಪ್ಪಿಕೊಂಡೆ.

ಮೊದಲ ಕರಡು:

1. ಎತ್ತರದಲ್ಲಿ ಕೆಲಸ ಮಾಡುವಾಗ ಕೈಜಾರಿದರೂ ಚಾಕು ಕೆಳಗೆ ಬೀಳುವುದಿಲ್ಲ.

2. ಜೇಬಿನ ತಳ ಸೇರಿದ ಚಾಕುವನ್ನು ದಾರ ಹಿಡಿದು ಎಳೆದುಕೊಳ್ಳಬಹುದು. ಬೀಗದಕೈ, ಚಿಲ್ಲರೆ, ಹಳೇ ಬಸ್ ಟಿಕೆಟ್ಟುಗಳ ನಡುವೆ ತಡಕಾಡಬೇಕಿಲ್ಲ.

3. ಹುಲ್ಲಿನಲ್ಲಿ ಬಿದ್ದರೆ ಕೆಂಪು ದಾರ ಕಣ್ಣಿಗೆ ಬೀಳುತ್ತದೆ.

4. ಹಿಡಿ ಗಿಡ್ಡವಿದ್ದರೆ ಕಿರುಬೆರಳಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆ.

5. ಚೆಂದ ಕಾಣುತ್ತದೆ.

(ಐದನೆಯದನ್ನು ಓದಿದ ಕೂಡಲೇ ನನ್ನ ಬಂಡವಾಳ ಮುಗಿಯಿತೆಂದು ನಿಮಗೆ ಗೊತ್ತಾಗಿರಬೇಕು. ನನಗೂ ಗೊತ್ತಾಯಿತು.)

ಆರನೆಯದಕ್ಕಾಗಿ ಪೆನ್ನು ಕಚ್ಚುತ್ತಾ ಕೂತಾಗ ಒಂದನೆಯ ಕಾರಣ ಕಾಡಲು ಶುರುವಾಯಿತು. ಎತ್ತರದಲ್ಲಿ ಕೆಲಸ ಮಾಡುವಾಗ, ಸರಿ. ಮಾಡುವವರು ಯಾರು? ಇದೇ ನನ್ನ ಕೆಟ್ಟ ಚಾಳಿ. ಔಷಧಿ ಬಾಟಲಿಯ ಮೇಲೆ "ಅಲುಗಾಡಿಸಿ ಕುಡಿಯಿರಿ" ಎಂದು ಬರೆಯಲು ಕೊಟ್ಟರೂ ಅಲುಗಾಡಿಸುವವನ ಹೆಂಡತಿ ಯಾಕೆ ಮುನಿಸಿಕೊಂಡಿದ್ದಾಳೆ ಎಂದು ಯೋಚಿಸುತ್ತೇನೆ. ಹಾಗೆ ಯೋಚಿಸುತ್ತಿದ್ದಾಗ ಕರಡಿನೊಳಗೆ ಅಕ್ಕ ಎಂಬವಳೊಬ್ಬಳು ಬಂದಳು.

ಅಕ್ಕ ಒಂದು ನಾಟಕಮಂದಿರದಲ್ಲಿ ದೀಪ ಕಟ್ಟುವವಳು. ವಯಸ್ಸು ಐವತ್ತಾರು. ರಂಗದ ಮೇಲ್ಗಡೆ, ಸೂರಿಗೆ ಅಂಟಿಕೊಂಡಂತೆ, ಒಂದು ಕಬ್ಬಿಣದ ಕಿರುದಾರಿಯಿದೆ. ಅದರ ಪಕ್ಕದ ಕಂಬಿಗೆ ದೀಪಗಳನ್ನು ಬಿಗಿಯಬೇಕು, ವೈರುಗಳನ್ನು ಕಟ್ಟಬೇಕು, ಮುಂದಿನ ನಾಟಕ ಬಂದಾಗ ಆ ಕಟ್ಟುಗಳನ್ನೆಲ್ಲ ಚಾಕುವಿನಲ್ಲಿ ಕೊಯ್ದು ಮತ್ತೆ ಬೇರೆ ಕಡೆ ಕಟ್ಟಬೇಕು. ಮೂವತ್ತೊಂದು ವರ್ಷದಿಂದ ಅದೇ ಕೆಲಸ. ಆ ಜಾಗವನ್ನು ಎಲ್ಲರೂ "ಮೇಲೆ" ಎಂದಷ್ಟೇ ಕರೆಯುತ್ತಾರೆ. ಅಕ್ಕ ಎಲ್ಲಿ ಎಂದು ಹೊಸಬರು ಕೇಳಿದರೆ "ಮೇಲೆ ಹೋದಳು" ಎಂಬ ಉತ್ತರ ಬರುತ್ತದೆ, ಅವರು ಪಾಪ ಮುಖ ಸಣ್ಣ ಮಾಡಿಕೊಳ್ಳುತ್ತಾರೆ.

ಮಂದಿರದಲ್ಲಿ ಎಲ್ಲರಿಗೂ ಅವಳು ಅಕ್ಕನೇ. ಆದರೆ ಒಡಹುಟ್ಟಿದ ತಮ್ಮ ಒಬ್ಬನೇ, ಅವನ ಕೆಲಸ ಕೆಳಗೆ. ಏಣಿಯ ಬುಡದಲ್ಲಿ ಒಂದು ಅಲ್ಯೂಮಿನಿಯಂ ತಟ್ಟೆ ಹಿಡಿದು ನಿಲ್ಲುತ್ತಾನೆ. ಹತ್ತುವವರು ಯಾರೇ ಆಗಲಿ, ಜೇಬಿನಲ್ಲಿರುವುದನ್ನೆಲ್ಲ ಆ ತಟ್ಟೆಗೆ ಸುರಿಯಬೇಕು. ದಾರವಿಲ್ಲದ್ದು ತಟ್ಟೆಯಲ್ಲೇ ಉಳಿಯುತ್ತದೆ. ದಾರವಿದ್ದದ್ದನ್ನು ಅವನು ಎರಡು ಸಲ ಜಗ್ಗಿ ನೋಡಿ, ಕುಣಿಕೆಯನ್ನು ಹತ್ತುವವರ ಮಣಿಕಟ್ಟಿಗೆ ಹಾಕಿ "ಹೂಂ" ಎನ್ನುತ್ತಾನೆ. ಆ ಹೂಂ ಬೀಳದೆ ಯಾರೂ ಏಣಿ ಮುಟ್ಟುವಂತಿಲ್ಲ. ಒಮ್ಮೆ ಮಂದಿರದ ಯಜಮಾನರು ಹತ್ತಲು ಬಂದಾಗ ಅವರ ಕನ್ನಡಕವನ್ನೇ ತೆಗೆದಿಟ್ಟುಕೊಂಡಿದ್ದ. ಅವರು ಮೂರು ಮೆಟ್ಟಿಲು ಹತ್ತಿ, ಏನೂ ಕಾಣಿಸದೆ ಇಳಿದು ಮನೆಗೆ ಹೋದರು.

ದಾರಗಳನ್ನು ಹೆಣೆಯುವವನೂ ತಮ್ಮನೇ. ಎಂಟೆಳೆಯ ಹೆಣಿಗೆ. ಅಂಗಡಿಯವರ ದಾರ ತೋರಿಸಿದರೆ ಮೂಗು ಮುರಿಯುತ್ತಾನೆ.

ಇಷ್ಟು ಸಿಕ್ಕಿದ ಮೇಲೆ ಕಥೆ ಸಲೀಸು ಎಂದುಕೊಂಡೆ. ಎರಡನೇ ಕರಡಿನಲ್ಲಿ ದಾರವಿಲ್ಲದ ಚಾಕುವೊಂದನ್ನು ಮೇಲಿಂದ ಬೀಳಿಸಿದೆ. ಕೆಳಗೆ ನಾಯಕ ನಟ ನಿಂತಿದ್ದ.

"ಏನ್ರೀ ರೈಟ್ರೇ, ತಲೆ ಸರಿ ಇದೆಯಾ?" ಎಂದಳು ಅಕ್ಕ. "ನನ್ನ ತಮ್ಮ ತಟ್ಟೆ ಹಿಡ್ಕೊಂಡು ನಿಂತಿರುವಾಗ ದಾರ ಇಲ್ಲದ ಚಾಕು ಮೇಲಕ್ಕೆ ಹೇಗೆ ಬಂತು? ಹಾರ್ಕೊಂಡು ಬಂತಾ?"

"ಕಥೆಗೆ ಏನಾದರೂ ಆಗಬೇಕಲ್ಲ."

"ಆಗಲಿ. ನಿಮ್ಮ ಮನೇಲಿ ಆಗಲಿ."

ಕರಡು ಹರಿದು ಹಾಕಿದೆ. ನಾಯಕ ನಟ ಬದುಕಿಕೊಂಡ.

ಮೂರನೇ ಕರಡಿನಲ್ಲಿ ಯಾಕೋ ಏನೋ, ಅಕ್ಕನ ಬಲ ಮಣಿಕಟ್ಟಿನ ಸುತ್ತ ಒಂದು ಕೆಂಪು ಗೆರೆ ಬರೆದೆ. ಬರೆದ ಮೇಲೆ ಕೇಳದಿರಲು ಆಗಲಿಲ್ಲ.

"ಇದೇನು?"

"ವಾಚು ಬಿಗಿಯಾಗಿತ್ತು."

"ನೀನು ವಾಚು ಕಟ್ಟುವುದಿಲ್ಲ. ಕಟ್ಟಿದರೂ ತಟ್ಟೆಗೆ ಹೋಗುತ್ತದೆ."

"ಹಾಗಾದ್ರೆ ಸೊಳ್ಳೆ ಕಚ್ಚಿರಬೇಕು."

"ಉಂಗುರದ ಹಾಗೆ ಸುತ್ತಲೂ?"

"ಶಿಸ್ತಿನ ಸೊಳ್ಳೆ," ಎಂದು ಮುಖ ತಿರುಗಿಸಿಕೊಂಡಳು.

ಆಗ ಆರನೇ ಕಾರಣ ಹೊಳೆಯಿತು.

6. ಸುಮ್ಮನೆ ಕೂತಾಗ ಬೆರಳಿಗೆ ಸುತ್ತಿಕೊಳ್ಳಲು ಏನಾದರೂ ಇರುತ್ತದೆ.

ಏಕೆಂದರೆ ಅಕ್ಕ ಅದನ್ನೇ ಮಾಡುತ್ತಿದ್ದಳು. ದಾರವನ್ನು ಹೆಬ್ಬೆರಳಿಗೂ ಮುಂದಿನ ಎರಡು ಬೆರಳಿಗೂ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಮೊದಲು ಇದು ಅಭ್ಯಾಸ ಅಂದುಕೊಂಡೆ. ಎರಡು ಪುಟ ಬರೆದ ಮೇಲೆ ಗೊತ್ತಾಯಿತು, ಅವಳು ಪರೀಕ್ಷೆ ಮಾಡಿಕೊಳ್ಳುತ್ತಿದ್ದಳು. ಆ ಮೂರು ಬೆರಳುಗಳಿಗೆ ಸ್ಪರ್ಶ ತಿಳಿಯುತ್ತಿರಲಿಲ್ಲ. ಚಾಕು ಕೈಯಲ್ಲಿದೆಯೋ ಇಲ್ಲವೋ ಎಂದು ನೋಡಿ ತಿಳಿಯಬೇಕಾಗಿತ್ತು. ನೋಡದೇ ಇದ್ದಾಗ ಅದು ಜಾರುತ್ತಿತ್ತು, ದಾರ ಅದನ್ನು ಮಣಿಕಟ್ಟಿನಲ್ಲಿ ತಡೆದು ನಿಲ್ಲಿಸುತ್ತಿತ್ತು. ಕೆಂಪು ಗೆರೆ ಬಂದದ್ದು ಹಾಗೆ.

7. ಕೈಜಾರಿದ್ದು ಯಾರಿಗೂ ಗೊತ್ತಾಗುವುದಿಲ್ಲ.

ಇದನ್ನು ಅಂಗಡಿಯವರಿಗೆ ಓದಿ ಹೇಳಿದೆ. "ಇದು ಬೇಡ ಸರ್," ಎಂದರು. "ಇದನ್ನು ಓದಿದ ಮೇಲೆ ಯಾರು ತಗೋತಾರೆ? ಐದನೇದು ಚೆನ್ನಾಗಿತ್ತು, ಅದನ್ನೇ ಸ್ವಲ್ಪ ಉದ್ದ ಮಾಡಿ."

ಅಕ್ಕನಿಗೆ ಓದಿ ಹೇಳಿದಾಗ ಅವಳು ನಗಲಿಲ್ಲ. "ಬೆರಳು ಮರಗಟ್ಟಿಸಲೇಬೇಕು ಅಂದ್ರೆ ನಿಮ್ಮದನ್ನ ಮರಗಟ್ಟಿಸ್ಕೊಳ್ಳಿ," ಎಂದಳು. "ನಿಮ್ಮದು ಬರೀ ಪೆನ್ನು ಹಿಡಿಯೋ ಕೈ. ಜಾರಿದ್ರೆ ಯಾರಿಗೂ ನಷ್ಟ ಇಲ್ಲ."

(ವಿಮರ್ಶಕರು ಇದಕ್ಕಿಂತ ಉದ್ದವಾಗಿ ಇದನ್ನೇ ಹೇಳಿದ್ದಾರೆ.)

ಆದರೆ ಓದುಗರೇ, ಅವಳ ಸಂಕಟ ನಿಮಗೆ ಅರ್ಥವಾಗಬೇಕು. ಚಾಕುವಿಗೆ ದಾರವಿದೆ, ಸರಿ. ದೀಪಕ್ಕೂ ಸರಪಳಿಯಿದೆ. ಆದರೆ ದೀಪವನ್ನು ಕಂಬಿಗೆ ಬಿಗಿಯುವ ಬೋಲ್ಟು ಕಂಬಿಯ ಹಿಂಬದಿಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಸಾಕಷ್ಟು ಬಿಗಿಯಾಯಿತೋ ಇಲ್ಲವೋ ಎಂದು ಹೇಳುವವು ಬೆರಳ ತುದಿಗಳೇ. ಒಂದೊಂದು ದೀಪ ಹೊರಲಾರದಷ್ಟು ಭಾರ. ಸರಪಳಿ ದೀಪವನ್ನು ಹಿಡಿದರೂ ಒಡೆದ ಗಾಜನ್ನು ಹಿಡಿಯುವುದಿಲ್ಲ, ಕೆಳಗೆ ಜನ ಓಡಾಡುತ್ತಿರುತ್ತಾರೆ. ಇದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಾಯಿಬಿಟ್ಟು ಹೇಳಿದರೆ ತಮ್ಮ ಹೂಂ ಅನ್ನುವುದಿಲ್ಲ, ಅವಳಿಗೆ ಇನ್ನು ಮೇಲಿನ ಜಾಗವಿಲ್ಲ. ಮೂವತ್ತೊಂದು ವರ್ಷ ಮೇಲಿಂದ ನಾಟಕ ನೋಡಿದವಳು, ನಟರ ಮುಖಕ್ಕಿಂತ ನಡುನೆತ್ತಿಯನ್ನೇ ಚೆನ್ನಾಗಿ ಗುರುತಿಸುವವಳು, ಇನ್ನು ಬಾಗಿಲಲ್ಲಿ ಟಿಕೆಟ್ ಹರಿಯುತ್ತಾ ಕೂರಬೇಕು. ಅದಕ್ಕೇ ದಿನಾ "ಇವತ್ತೊಂದು ದಿನ" ಎನ್ನುತ್ತಾ ಹತ್ತುತ್ತಿದ್ದಳು. ನನಗೆ ಅವಳ ಮೇಲೆ ಸಿಟ್ಟೂ ಬರುತ್ತಿತ್ತು, ಅಯ್ಯೋ ಎಂದೂ ಅನ್ನಿಸುತ್ತಿತ್ತು.

ತಮ್ಮನಿಗೆ ಗೊತ್ತಾಗಲಿಲ್ಲವೇ? ಇಲ್ಲಿ ಅವನೊಂದು ತಪ್ಪು ಮಾಡಿದ. ಅವನಂಥ ಕಸುಬುದಾರ ಮಾತ್ರ ಮಾಡಬಲ್ಲ ತಪ್ಪು. ಕೆಲವು ತಿಂಗಳ ಹಿಂದೆ ಅಕ್ಕನ ದಾರ ಕುಣಿಕೆಯ ಬಳಿ ಸವೆದದ್ದು ಅವನ ಕಣ್ಣಿಗೆ ಬಿದ್ದಿತ್ತು. ಜಗ್ಗಿದರೆ ದಾರ ಅಲ್ಲಿ ಸವೆಯುವುದಿಲ್ಲ, ಭಾರ ಬಿದ್ದರೆ ಸವೆಯುತ್ತದೆ. ಅವನಿಗೆ ಕೈಯ ಮೇಲೆ ಅನುಮಾನ ಬರಲಿಲ್ಲ, ನೂಲಿನ ಮೇಲೆ ಬಂತು. ತನ್ನ ಹೆಣಿಗೆಯೇ ಸರಿಯಿಲ್ಲ ಎಂದು ನಾಚಿಕೊಂಡು ಇನ್ನೂ ದಪ್ಪನೆಯದನ್ನು ಮಾಡಿಕೊಟ್ಟ. ಅದೂ ಸವೆಯಿತು. ಮೂರನೆಯದನ್ನು ಕೊಟ್ಟ. ಅದರಲ್ಲಿ ಹಸುವನ್ನೂ ಕಟ್ಟಬಹುದಿತ್ತು.

ಈಗ ಅಂತ್ಯಗಳು. ಹಲವು ಬರೆದಿದ್ದೇನೆ, ಯಾವುದೂ ನಿಂತಿಲ್ಲ.

ಅಂತ್ಯ ಒಂದು: ದೀಪ ಬೀಳುತ್ತದೆ. (ಬರೆದೆ, ಓದಿದೆ, ನನಗೇ ಅಸಹ್ಯವಾಯಿತು. ಪಾಠ ಕಲಿಸಲು ಒಬ್ಬರ ತಲೆ ಒಡೆಯುವುದು ಸೋಮಾರಿಗಳ ಕೆಲಸ.)

ಅಂತ್ಯ ಎರಡು: ಡಾಕ್ಟರು ಒಂದು ಮಾತ್ರೆ ಕೊಡುತ್ತಾರೆ, ಬೆರಳು ಮೊದಲಿನಂತಾಗುತ್ತದೆ. ಅಕ್ಕನಿಗೆ ಇದು ಬಹಳ ಹಿಡಿಸಿತು. "ಇದನ್ನೇ ಇಟ್ಕೊಳ್ಳಿ. ಮಾತ್ರೆ ಹೆಸರೇನು?" ಎಂದಳು. ಗೊತ್ತಿಲ್ಲ ಎಂದೆ. "ಮತ್ತೆ ಎಂಥ ರೈಟರ್ ನೀವು," ಎಂದಳು, ಆದರೆ ದನಿಯಲ್ಲಿ ಜೋರಿರಲಿಲ್ಲ.

ಅಂತ್ಯ ಮೂರು: ತಮ್ಮನಿಗೆ ಎಲ್ಲ ಗೊತ್ತಾಗುತ್ತದೆ, ಆದರೂ ಪ್ರೀತಿಯಿಂದ ಹೂಂ ಎನ್ನುತ್ತಾನೆ. ಇದನ್ನು ಬರೆಯುತ್ತಿರುವಾಗಲೇ ತಮ್ಮ ಬಂದು ತಟ್ಟೆಯನ್ನು ನನ್ನ ಮೇಜಿನ ಮೇಲೆ ಕುಕ್ಕಿದ.

"ಆ ಹೂಂ ನನ್ನ ಬಾಯಿಗೆ ತುರುಕಬೇಡಿ ಸರ್," ಎಂದ. ಆಮೇಲೆ ತಗ್ಗಿದ ದನಿಯಲ್ಲಿ, "ನನಗೆ ಏನು ಗೊತ್ತಾಗುತ್ತೆ?" ಎಂದು ಕೇಳಿದ.

ನಾನು ಬಾಯಿಬಿಡಲಿಲ್ಲ. ಕಥೆಗಾರನಾದರೂ ಒಂದು ಮರ್ಯಾದೆ ಬೇಡವೇ. ಆದರೆ ಆ ಪುಟವನ್ನು ಮುಚ್ಚುವುದು ಮರೆತಿದ್ದೆ. (ಮರೆತೆನೋ, ಬೇಕೆಂದೇ ಬಿಟ್ಟೆನೋ, ನನ್ನನ್ನು ಕೇಳಬೇಡಿ.) ಅವನು ನಿಂತಲ್ಲೇ ಓದಿದ. ತಟ್ಟೆ ಎತ್ತಿಕೊಂಡು ಹೋದ.

ಇನ್ನು ಮುಂದಿನದನ್ನು ನಾನು ಬರೆಯುತ್ತಿಲ್ಲ, ನೋಡಿ ಹೇಳುತ್ತಿದ್ದೇನೆ.

ಮಧ್ಯಾಹ್ನದ ತಾಲೀಮು. ನಿರ್ದೇಶಕರು ರಂಗದಿಂದ ಕೂಗಿದರು: "ಅಕ್ಕ, ಆ ಮೂರನೇ ದೀಪ ಸಡಿಲ ಆಗಿದೆ ನೋಡಿ, ವಾಲಿದೆ." ಅಕ್ಕ ಏಣಿಯ ಬಳಿ ಬಂದಳು, ಜೇಬು ಬರಿದು ಮಾಡಿದಳು. ತಮ್ಮನು ಚಾಕು ಎತ್ತಿಕೊಂಡ. ಒಂದು ಸಲ ಜಗ್ಗಿದ, ಎರಡು ಸಲ ಜಗ್ಗಿದ. ಹೂಂ ಅನ್ನಲಿಲ್ಲ.

"ಅಕ್ಕ, ಕಣ್ಣು ಮುಚ್ಚಿ ಬಲಗೈ ಚಾಚು."

"ಇದೇನೋ ಮಕ್ಕಳಾಟ? ಅವರು ಕಾಯ್ತಿದಾರೆ."

"ಚಾಚು."

ಚಾಚಿದಳು. ಅವನು ಎದುರಿಗೆ ಸುಮ್ಮನೆ ನಿಂತಿದ್ದ. ಒಂದು ನಿಮಿಷವಾಗಿರಬೇಕು.

"ಬೆರಳ ತುದೀಲಿ ಏನಿದೆ ಹೇಳು."

ಅಕ್ಕ ಯೋಚಿಸಿದಳು. ಹೆಬ್ಬೆರಳನ್ನು ಉಳಿದೆರಡು ಬೆರಳ ಮೇಲೆ ಮೆಲ್ಲಗೆ ಆಡಿಸಿದಳು. "ವಾಷರ್," ಎಂದಳು.

ಅವನು ಚಾಕುವನ್ನು ತಟ್ಟೆಗೆ ಹಾಕಿದ.

"ಅಲ್ವಾ? ಹಾಗಾದ್ರೆ ಸಣ್ಣ ನಟ್ಟು."

"ನಾನಿನ್ನೂ ಏನೂ ಇಟ್ಟಿಲ್ಲ ಅಕ್ಕ."

ಅವಳು ಕಣ್ಣು ತೆರೆದು ತನ್ನ ಖಾಲಿ ಕೈ ನೋಡಿದಳು. ನನ್ನ ಹತ್ತಿರ ವಾಚು, ಸೊಳ್ಳೆ ಎಂದೆಲ್ಲ ಸಾಧಿಸಿದವಳು ತಮ್ಮನ ಹತ್ತಿರ ಒಂದೂ ಹೇಳಲಿಲ್ಲ.

"ಗೊತ್ತಾಗಲ್ಲ ಕಣೋ," ಎಂದಳು.

"ಯಾವಾಗಿಂದ?"

"ನೀನು ಎರಡನೇ ದಾರ ಕೊಟ್ಟೆಯಲ್ಲ, ಅದಕ್ಕೂ ಸ್ವಲ್ಪ ಮುಂಚೆಯಿಂದ. ಮೊದಮೊದಲು ಹೆದರಿಕೆ ಆಗ್ತಿತ್ತು. ಆಮೇಲೆ ನೀನು ದಪ್ಪದ್ದು ಹೆಣೆದು ಕೊಟ್ಟೆ, ಧೈರ್ಯ ಬಂತು."

ತಮ್ಮನು ತಟ್ಟೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ಅಳು ಬರುವ ಹಾಗಿತ್ತು ಅವನಿಗೆ, ನನಗೂ.

"ಈಗ ನೀನೇ ಹೇಳು," ಎಂದಳು ಅಕ್ಕ. "ಹತ್ತಲೋ, ಬೇಡವೋ?"

ಅವನಿಗಾಗಿ ಗಡಿಬಿಡಿಯಲ್ಲಿ ಮೂರು ಉತ್ತರ ಬರೆದು ಮುಂದಿಟ್ಟೆ. ಒಂದು ಘನವಾದದ್ದು, ಒಂದು ತಮಾಷೆಯದ್ದು, ಒಂದು ಕಣ್ಣೀರಿನದ್ದು. ಯಾವುದನ್ನೂ ಅವನು ಮುಟ್ಟಲಿಲ್ಲ.

"ನನ್ನ ಕೇಳ್ಬೇಡ," ಎಂದ. "ಬೇಡ ಅಂದ್ರೆ ನಾಳೆಯಿಂದ ನೀನು ನನ್ನ ಮುಖ ನೋಡಲ್ಲ. ಹೂಂ ಅಂದ್ರೆ ನನ್ನ ಮುಖ ನನಗೇ ನೋಡ್ಕೊಳ್ಳೋಕಾಗಲ್ಲ."

ಅಕ್ಕ ಎಡಗೈಯಿಂದ ಏಣಿಯ ಕಂಬಿ ಹಿಡಿದಳು. ನಾನು ಪೆನ್ನು ಎತ್ತಿದೆ. ಅವಳು ಹಾಗೇ ತಿರುಗಿ, ಏಣಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟಳು. ಇನ್ನು ಸಾಕು ಎಂದು ಕೂತಳೋ, ಹತ್ತುವ ಮುಂಚೆ ಒಂದು ಗಳಿಗೆ ಸುಧಾರಿಸಿಕೊಳ್ಳಲು ಕೂತಳೋ ಹೇಳಲಿಲ್ಲ. ಬೇಕಾದರೆ ನಾನು ಯಾವುದಾದರೂ ಒಂದನ್ನು ಬರೆಯಬಹುದು. ಬರೆಯುವುದಿಲ್ಲ. ಅದು ಅವಳ ಕೈ, ಅವಳ ಏಣಿ.

ತಮ್ಮ ಅವಳ ಪಕ್ಕದಲ್ಲಿ ಕೂತು, ಬಲಗೈಯನ್ನು ತನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು ತಿಕ್ಕತೊಡಗಿದ.

"ಏನಾದ್ರೂ ಗೊತ್ತಾಗ್ತಿದೆಯಾ?"

"ತಿಕ್ಕು," ಎಂದಳು ಅಕ್ಕ.

ರಂಗದ ಕಡೆಯಿಂದ ನಿರ್ದೇಶಕರ ದನಿ ಬಂತು: "ಅಕ್ಕ, ಇನ್ನೆಷ್ಟು ಹೊತ್ತು?"

ಇಬ್ಬರೂ ತಲೆಯೆತ್ತಿ ನನ್ನ ಕಡೆ ನೋಡಿದರು. ನಾನು ನಿಮ್ಮ ಕಡೆ ನೋಡಿದೆ. ಕೊನೆಗೆ ತಮ್ಮನೇ, ತಿಕ್ಕುವುದನ್ನು ನಿಲ್ಲಿಸದೆ ಕೂಗಿ ಹೇಳಿದ: "ಗೊತ್ತಿಲ್ಲ ಸರ್. ಆ ದೀಪದ ಕೆಳಗೆ ಮಾತ್ರ ಯಾರೂ ನಿಲ್ಲಬೇಡಿ."