ಬೆಳಚಿನ ಹೊಳೆಗೆ ಹೋದ ಬಿಳಿ ಹಲಗೆ

ನಾನು ಒಂದು ಬಿಳಿ ಹಲಗೆ. ಪೀಣ್ಯದ ಒಂದು ಶೆಡ್ಡಿನಲ್ಲಿ ತಗಡಿಗೆ ಬಿಳಿ ಬಣ್ಣ ಬಳಿದು, ಸುತ್ತ ಅಲ್ಯೂಮಿನಿಯಂ ಪಟ್ಟಿ ಬಿಗಿದು ನನ್ನನ್ನು ಮಾಡಿದರು. ಮೊದಲ ಮೂರು ವರ್ಷ ಕುಮಟೆಯ ಒಂದು ಟ್ಯುಟೋರಿಯಲ್‌ನಲ್ಲಿ ತ್ರಿಕೋನಮಿತಿ ಹೊತ್ತೆ. ಅದು ಮುಚ್ಚಿದಾಗ ಅದೇ ಬೀದಿಯ ಸ್ವಯಂಸೇವಾ ಸಂಸ್ಥೆಯೊಂದು ನನ್ನನ್ನು ಕೊಂಡಿತು.

ಅಲ್ಲಿ ನನ್ನ ಒಡತಿ ಧಾರವಾಡದ ಅನಸೂಯಾ ಇನಾಮದಾರ. ದೇಶದ ಜೀವವೈವಿಧ್ಯ ನೀತಿಯ ಕರಡನ್ನು ಕರಾವಳಿಯ ಜನರಿಗೆ ತಿಳಿಸಿ, ಅವರ ಅಭಿಪ್ರಾಯ ಬರೆಸಿ ದೆಹಲಿಗೆ ಕಳಿಸುವುದು ಅವರ ಕೆಲಸ. ಕುಮಟೆಯ ಹತ್ತಿರ ಹೊಳೆ ಸಮುದ್ರ ಸೇರುವಲ್ಲಿನ ಕೆಸರು ಬಯಲನ್ನು ಕರಡಿನ ಒಂದು ಪುಟ ‘ಬಳಕೆಯಲ್ಲಿಲ್ಲದ ಜಾಗ’ ಎಂದಿತ್ತು. ಆ ಕೆಸರಿನಲ್ಲೇ ಇನ್ನೂರು ಹೆಂಗಸರು ಬೆಳಚು ಎಂಬ ಚಿಪ್ಪನ್ನು ಆಯ್ದು ಬದುಕುತ್ತಿದ್ದರು. ಇಪ್ಪತ್ತು ದಿನದೊಳಗೆ ಆಕ್ಷೇಪಣೆ ಹೋಗದಿದ್ದರೆ ಆ ಮಾತೇ ಖಾಯಂ.

ಅನಸೂಯಾ ನನ್ನ ಮೇಲೆ ಗೆರೆ ಎಳೆದು ಬರೆದರು: ಯಾರಿಗೆ, ಏನು, ಯಾರ ಬಾಯಿಂದ, ಯಾವಾಗ. ಬರೆಯುವ ಮೊದಲು ಪೆನ್ನಿನ ಮುಚ್ಚಳ ಕಚ್ಚುತ್ತಿದ್ದರು. ಬರೆದ ಮೇಲೆ ಎರಡು ಹೆಜ್ಜೆ ಹಿಂದೆ ನಿಂತು ಓದುತ್ತಿದ್ದರು. ಒಂದು ಶಬ್ದ ಯಾರನ್ನಾದರೂ ಹೆದರಿಸೀತೇ ಎಂದು ಅನುಮಾನ ಬಂದರೆ ಅಂಗೈಯಿಂದಲೇ ಒರೆಸಿಬಿಡುತ್ತಿದ್ದರು. ಸಹೋದ್ಯೋಗಿ ಶ್ರೀನಿಧಿ, ಹುಲಿಯ ಚಿತ್ರವಿರುವ ದೊಡ್ಡ ಪೋಸ್ಟರ್ ಮಾಡಿಸೋಣ ಎಂದ.

“ಹೊಳ್ಯಾಗ ಹುಲಿ ಎಲ್ಲಿ ಬಂತ್ರೀ?” ಎಂದರು ಅನಸೂಯಾ.

ಗುರುವಾರ ಹತ್ತು ಗಂಟೆಗೆ ಹೊಳೆದಂಡೆಯ ಊರಿನ ಶಾಲೆಯಲ್ಲಿ ಸಭೆ. ನನ್ನನ್ನೂ ಟೆಂಪೋದಲ್ಲಿ ಒಯ್ದರು. ಬಂದವರು ಮೂವರು ಗಂಡಸರು, ಒಬ್ಬ ಮೇಷ್ಟ್ರು. ಹೆಂಗಸರು ಒಬ್ಬರೂ ಇಲ್ಲ. ಕಾದು ಸಾಕಾಗಿ ಅನಸೂಯಾ ಹೊಳೆಯತ್ತ ಹೊರಟರು. ಶ್ರೀನಿಧಿ ನನ್ನನ್ನು ತಲೆಯ ಮೇಲೆ ಹೊತ್ತು ಹಿಂಬಾಲಿಸಿದ. ಅಲ್ಲಿ ಸೊಂಟಮಟ್ಟದ ನೀರಿನಲ್ಲಿ, ಕಾಲಿನಿಂದ ಕೆಸರು ತಡವುತ್ತ, ಹೆಂಗಸರೆಲ್ಲ ಇದ್ದರು. ಹಿರಿಯರಾದ ನಾಗವೇಣಿ ಅಂಬಿಗ ತಲೆಯೆತ್ತಿದರು.

“ಇಳತದ ಹೊತ್ತಿಗೇ ಮೀಟಿಂಗ್ ಇಟ್ಟೀರಲ್ಲ ಅಕ್ಕೋರೇ. ನೀರು ಇಳದಾಗೇ ನಮ್ಗೆ ಬೆಳಚು ಸಿಗೂದು. ನಾವಿಲ್ಲಿ ಇರೂದೋ, ನಿಮ್ಮ ಫ್ಯಾನಿನ ಅಡಿಗೆ ಕೂರೂದೋ?”

ಉಳಿದವರು ನಕ್ಕರು. ಅನಸೂಯಾ ಅವರ ಮುಖ ಕೆಂಪಾಯಿತು.

“ತಪ್ಪಾತು. ನೀರು ಯಾವಾಗ ಏರತದ, ನೀವೇ ಹೇಳ್ರಿ.”

ಕಚೇರಿಗೆ ಮರಳಿದ ಕೂಡಲೇ ನನ್ನನ್ನು ಪೂರ್ತಿ ಒರೆಸಿ, ನಾಗವೇಣಿ ಹೇಳಿದ ಉಬ್ಬರದ ವೇಳೆಗಳನ್ನು ಮೊದಲು ಬರೆದರು. ದಿನದಿನಕ್ಕೆ ಮುಕ್ಕಾಲು ಗಂಟೆ ಮುಂದೆ ಸರಿಯುವ ಆ ವೇಳೆಗೆ ಹೊಂದಿಸಿ ಚಿಪ್ಪು ತೊಳೆಯುವ ಕಟ್ಟೆಯ ಮೇಲೆ ಸಭೆಗಳು ನಡೆದವು. ಅನಸೂಯಾ ಕರಡಿನ ಆ ಒಂದೇ ಸಾಲನ್ನು ಓದಿದರು. ಬೇರೆ ವಿವರಣೆ ಬೇಕಾಗಲಿಲ್ಲ.

“ಯಾರೂ ಬಳಸೂದಿಲ್ಲ ಅಂತ ಬರದವ್ರಿಗೆ ಚಿಪ್ಪು ಕೊಯ್ದ ನನ್ನ ಮೊಣಕಾಲು ನೋಡೂಕೆ ಹೇಳಿ” ಎಂದಳು ನಾಗವೇಣಿಯವರ ಸೊಸೆ.

ಯಾವ ತಿಂಗಳು ಹೊಳೆಯ ಯಾವ ಕೆಸರು ದಿಬ್ಬದಲ್ಲಿ ಬೆಳಚು, ಮರಿ ಇದ್ದಾಗ ಯಾವ ದಿಬ್ಬ ಮುಟ್ಟಬಾರದು, ಎಲ್ಲವನ್ನೂ ಅವರು ಜಗಳವಾಡುತ್ತ ಹೇಳಿದರು, ಅನಸೂಯಾ ನನ್ನ ಮೇಲೆ ಬರೆದರು. ನಡುವೆ ಒಂದು ಮಾತನ್ನು ಚೊಕ್ಕ ಮಾಡಲು ಹೋದರು.

“ನಾ ಹೇಳಿದ್ದೇ ಇರ್ಲಿ” ಎಂದರು ನಾಗವೇಣಿ.

ಒರೆಸಲು ಎತ್ತಿದ ಕೈ ಕೆಳಗಿಳಿಯಿತು. ಗಡುವಿನ ಹಿಂದಿನ ದಿನ ನೂರಾ ಎಂಬತ್ತು ಸಹಿ, ಹೆಬ್ಬೆಟ್ಟುಗಳೊಂದಿಗೆ ಪತ್ರ ಹೊರಟಿತು.

ಎಂಟು ತಿಂಗಳ ಮೇಲೆ ಅಂತಿಮ ನೀತಿ ಬಂತು. ಅನಸೂಯಾ ಕಟ್ಟೆಯ ಮೇಲೆ ನಿಂತು ಓದಿದರು: ‘ಸ್ಥಳೀಯ ಮಹಿಳೆಯರು ಚಿಪ್ಪುಜೀವಿಗಳನ್ನು ಸಂಗ್ರಹಿಸುವ ಪ್ರದೇಶ.’ ನಾಗವೇಣಿ ಎರಡು ಸಲ ಓದಿಸಿಕೊಂಡರು.

“ಬಯಲು ಉಳೀತು. ಆದ್ರೆ ಮರಿ ಇದ್ದಾಗ ನಾವು ದಿಬ್ಬ ಬಿಡೂದು ಬರೀಲೇ ಇಲ್ವಲ. ನಾಳೆ ಯಾರೋ ಬಂದು, ಇವ್ರೇ ಬಾಚಿ ಖಾಲಿ ಮಾಡಿದ್ರು ಅಂದ್ರೆ? ಇನ್ನೊಂದು ಪತ್ರ ಬರೀರಿ ಅಕ್ಕೋರೇ.”

ಈಗ ನನಗೆ ವಯಸ್ಸಾಗಿದೆ. ಉಪ್ಪುಗಾಳಿಗೆ ತಗಡಿನ ಮೂಲೆಗಳು ತುಕ್ಕು ಹಿಡಿದಿವೆ. ಕಚೇರಿಗೆ ಬೇಡವಾಗಿ ಕಟ್ಟೆಯ ಪಕ್ಕದ ಮಾಡಿನ ಕೆಳಗೇ ಉಳಿದಿದ್ದೇನೆ. ಸುಲಭವಾಗಿ ಬರೆದದ್ದು ನನ್ನ ಮೇಲೆ ಬಹಳ ದಿನ ಉಳಿದದ್ದನ್ನು ನಾನು ಕಂಡಿಲ್ಲ. ಇವತ್ತು ಉಬ್ಬರ ನಾಲ್ಕೂಕಾಲಿಗೆ, ಅನಸೂಯಾ ಬರುತ್ತಾರೆ. ಎರಡನೆಯ ಪತ್ರದ ಮೂರು ಸಾಲು ಮುಗಿದಿವೆ. ನಾಲ್ಕನೆಯದಕ್ಕೆ ನಾಗವೇಣಿ ಇನ್ನೂ ಒಪ್ಪಿಲ್ಲ.