ಇಪ್ಪತ್ತು ಕುರಿಯ ಲಸಿಕೆ

ಮೂವತ್ತೆಂಟು ವರ್ಷದ ಜಂಬಣ್ಣನಿಗೆ ಒಂದು ಕುರಿಮರಿಯನ್ನು ಮಾರುವ ಅಧಿಕಾರವೂ ಇರಲಿಲ್ಲ. ಗೊಬ್ಬರಕ್ಕೆ ಯಾರ ಹೊಲದಲ್ಲಿ ಕುರಿ ಕೂಡಿಸಬೇಕು, ಯಾವ ಟಗರು ಉಳಿಯಬೇಕು, ಮಗಳನ್ನು ಯಾವ ಊರಿಗೆ ಕೊಡಬೇಕು, ಎಲ್ಲವನ್ನೂ ಅಪ್ಪ ಹನುಮಂತ್ರಾಯನೇ ಹೇಳುತ್ತಿದ್ದ. ಅವನಿಗೆ ಎಪ್ಪತ್ತು ದಾಟಿತ್ತು.

ಸಾವಿರದ ಒಂಬೈನೂರ ಎಪ್ಪತ್ತೆಂಟರ ಮೇ ತಿಂಗಳಲ್ಲಿ ದೇವದುರ್ಗದ ದನದ ಡಾಕ್ಟರು ಶೇಷಗಿರಿ ಅವರ ಊರು ಜಾಲಹಳ್ಳಿಗೆ ಬಂದರು. ಹಿಂದಿನ ಮಳೆಗಾಲದಲ್ಲಿ ಕವಿತಾಳದ ಕಡೆ ಕರುಳುಬೇನೆಗೆ ಕುರಿ ಸತ್ತಿದ್ದವು. ಹೊಸ ಮಳೆಯ ಹುಲ್ಲು ಮೇಯ್ದ ಕುರಿ ಬೆಳಗಾಗುವುದರೊಳಗೆ ಬೀಳುತ್ತದೆ, ಬಿದ್ದ ಮೇಲೆ ಮದ್ದಿಲ್ಲ, ಮೊದಲೇ ಸೂಜಿ ಹಾಕಿಸಬೇಕು ಎಂದರು. ರಾಯಚೂರಿನಿಂದ ಲಸಿಕೆ ತರಿಸಲು ಯಾರ ಬಳಿ ಎಷ್ಟು ಕುರಿ ಎಂದು ಬರೆದುಕೊಳ್ಳುತ್ತಿದ್ದರು.

“ನಿಮ್ಮವು ಎಷ್ಟ್ ಅದಾವ್ರಿ ಯಜಮಾನ್ರ?”

“ಅದಾವ ಒಂದಿಪ್ಪತ್ತು,” ಎಂದ ಹನುಮಂತ್ರಾಯ.

ಡಾಕ್ಟರು ಹಿಂಡು ಬರುತ್ತಿದ್ದ ಹಳ್ಳದ ಕಡೆ ನೋಡಿದರು. “ಇಪ್ಪತ್ತು ಕುರಿಗೆ ಇಷ್ಟು ಧೂಳು ಏಳತದೇನ್ರಿ?”

“ನಮ್ಮವು ಜೋರು ಕಾಲು ಬಡಿತಾವ್ರಿ ಸಾಹೇಬ್ರ.”

ಕೂತವರೆಲ್ಲ ನಕ್ಕರು. ಜಂಬಣ್ಣನೂ ನಕ್ಕ.

ಆ ಮನೆಯಲ್ಲಿ ಕುರಿ ಎಣಿಸುತ್ತಿರಲಿಲ್ಲ. ಮುಖ ನೋಡಿಯೇ ಯಾವುದು ಬಂದಿಲ್ಲ ಎಂದು ಹೇಳುತ್ತಿದ್ದರು. ನಿಜಾಮನ ಕಾಲದಲ್ಲಿ ಹುಲ್ಲಿನ ತೆರಿಗೆಗೆ ಬಂದವರಿಗೆ ಹನುಮಂತ್ರಾಯನ ಅಪ್ಪ ಖರೆ ಲೆಕ್ಕ ಕೊಟ್ಟಿದ್ದ. ಅದೇ ವರ್ಷ ಅರ್ಧ ಹಿಂಡು ಸತ್ತಿತ್ತು. ಲೆಕ್ಕ ಹೇಳಿದ್ದಕ್ಕೇ ಸತ್ತವು ಎಂದು ಹನುಮಂತ್ರಾಯ ನಂಬಿದ್ದ. ಅವನು ನಂಬಿದ್ದನ್ನು ಉಳಿದವರೂ ನಂಬಬೇಕಿತ್ತು.

ಸಂಜೆ ರೊಟ್ಟಿ ಬಡಿಯುತ್ತ ಜಂಬಣ್ಣನ ಹೆಂಡತಿ ಕರೆಮ್ಮ ದನಿ ತಗ್ಗಿಸಿದಳು. “ನೂರಾ ಎಪ್ಪತ್ಮೂರು ಅದಾವ. ನಾ ಎಣಿಸೀನಿ. ನಾಳೆ ದೇವದುರ್ಗಕ್ಕ ಹೋಗಿ ಖರೆ ಹೇಳಿ ಬಾ.”

“ಅಪ್ಪಗ ಗೊತ್ತಾದ್ರ?”

“ಗಡ್ಡ ಬೆಳ್ಳಗಾತು, ಬಾಯಿ ಇನ್ನಾ ಹುಟ್ಟಿಲ್ಲ ನಿಂಗ.”

ಹಗ್ಗ ತರುತ್ತೇನೆಂದು ಅಪ್ಪನಿಗೆ ಸುಳ್ಳು ಹೇಳಿ ಜಂಬಣ್ಣ ಬಸ್ಸು ಹತ್ತಿದ. ಆಸ್ಪತ್ರೆಯಲ್ಲಿ ಡಾಕ್ಟರು ಒಬ್ಬರೇ ಇದ್ದರು. ಅವನನ್ನು ನೋಡಿ ಪೆನ್ನಿನ ಮುಚ್ಚಳ ತೆಗೆದರು.

“ಬರ್ತಿ ಅಂತ ಗೊತ್ತಿತ್ತು. ಹೇಳಪಾ, ಎಷ್ಟು ಬರಕೊಳ್ಳಲಿ?”

ಜಂಬಣ್ಣ ಸುತ್ತ ನೋಡಿದ. ಅಲ್ಲಿ ಅಪ್ಪ ಇರಲಿಲ್ಲ. ಕೇಳಿ ಅಪ್ಪನಿಗೆ ಮುಟ್ಟಿಸುವವರೂ ಇರಲಿಲ್ಲ.

“ಅಪ್ಪ ಹೇಳಿದ್ದೇ ಖರೆ ಅದರಿ. ಇಪ್ಪತ್ತು.”

“ಅದನ್ನ ಹೇಳಾಕ ಬಸ್ಸಿಗೆ ರೊಕ್ಕ ಹಾಕಿ ಬಂದ್ಯೇನು? ಪಟ್ಟಿ ಇವತ್ತ ರಾಯಚೂರಿಗೆ ಹೋಗ್ತದ. ಆಮ್ಯಾಲೆ ಬಂದು ಅತ್ತರೂ ಒಂದು ಹನಿ ಸಿಗಂಗಿಲ್ಲ.”

“ಹೂಂರಿ,” ಎಂದು ಜಂಬಣ್ಣ ಹೊರಗೆ ಬಂದ. ಸಂತೆ ಬೀದಿಯಲ್ಲಿ ಹಗ್ಗ ಕೊಂಡ. ಮನೆಯಲ್ಲಿ ಕರೆಮ್ಮ ಕೇಳಿದಾಗ “ಹೇಳೀನಿ” ಎಂದ.

ಹತ್ತು ದಿನಕ್ಕೆ ಲಸಿಕೆ ಬಂತು. ಇಪ್ಪತ್ತು ಕುರಿಗೆ ಆಗುವಷ್ಟೇ ಇತ್ತು. ಯಾವುದಕ್ಕೆ ಹಾಕಬೇಕೆಂದು ಹನುಮಂತ್ರಾಯ ಕೋಲಿನಿಂದ ತೋರಿಸಿದ. ಎಲ್ಲವೂ ಅವನ ಮುದಿ ಕುರಿಗಳು.

“ಹಲ್ಲು ಬಿದ್ದವಕ್ಕ ಯಾಕ ಯಪ್ಪಾ? ಗಬ್ಬದ ಕುರಿಗೆ ಹಾಕಸೋಣು.”

“ಇವು ನಾ ಸಾಕಿದವು. ಕಾಲು ಹಿಡೀಲೇ.”

ಜಂಬಣ್ಣ ಕಾಲು ಹಿಡಿದ. ಕರೆಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಗಂಡ ದೇವದುರ್ಗದಲ್ಲಿ ಏನು ಹೇಳಿ ಬಂದಿದ್ದಾನೆಂದು ಅವಳಿಗೆ ಆಗ ತಿಳಿಯಿತು.

ಜೂನ್ ಎರಡನೇ ವಾರ ಮಳೆ ಬಿತ್ತು. ಹಳ್ಳದ ದಂಡೆ ಹಸಿರಾಯಿತು. ಇನ್ನೊಂದು ವಾರ ಒಣ ಮೇವಿನ ಮೇಲೇ ಇಡೋಣ ಎಂದು ಜಂಬಣ್ಣ ಹೇಳಬೇಕೆಂದಿದ್ದ. ಅಷ್ಟರಲ್ಲಿ ಅಪ್ಪ ಹಿಂಡನ್ನು ಆ ಹಸಿರಿಗೆ ಬಿಡಿಸಿದ. ಮರುದಿನ ಬೆಳಿಗ್ಗೆ ಹನ್ನೊಂದು ಕುರಿ ಹೊಟ್ಟೆಯುಬ್ಬಿ ಬಿದ್ದಿದ್ದವು. ಕಾಲು ಬಡಿಯುತ್ತಿದ್ದ ಒಂದು ಮರಿ ಕರೆಮ್ಮನ ಮಡಿಲಲ್ಲೇ ಸತ್ತಿತು. ಡಾಕ್ಟರು ಬಂದು ನೋಡಿ ಹೋದರು.

ಸತ್ತವನ್ನು ಹೂಳಲು ಜಂಬಣ್ಣ ಬೇವಿನ ಮರದ ಹತ್ತಿರ ಕುಣಿ ತೋಡತೊಡಗಿದ. ಮೊಣಕಾಲುದ್ದ ತೋಡಿದ್ದ. ಹನುಮಂತ್ರಾಯ ಕೋಲೂರಿಕೊಂಡು ಬಂದ.

“ಇಲ್ಲಿ ಬ್ಯಾಡ. ಅತ್ತಾಗ ತೋಡು.”

ಜಂಬಣ್ಣ ಗುದ್ದಲಿ ಎತ್ತಿಕೊಂಡು ಅತ್ತ ಹೋದ.

ಒಂಬತ್ತು ದಿನದಲ್ಲಿ ಸತ್ತದ್ದು ಕುರಿ ಎಪ್ಪತ್ತೊಂಬತ್ತು, ಮರಿ ನಲವತ್ತಾರು, ಟಗರು ಮೂರು.