ಕಲ್ಲಿನ ಪಾರ್ಕಿನಲ್ಲಿ ಹೆಣ್ಣು ನೋಡಿದ್ದು

ಹೆಣ್ಣು ನೋಡುವ ಶಾಸ್ತ್ರ ಪಳೆಯುಳಿಕೆ ಪಾರ್ಕಿನಲ್ಲೇ ಆಗಲಿ ಎಂದವಳು ಗಂಡಿನ ತಾಯಿ. ಹುಡುಗಿಯ ಅಣ್ಣ ಅಲ್ಲಿನ ಗೇಟಿನಲ್ಲಿ, ಯಾರೂ ಕಲ್ಲು ಕದ್ದೊಯ್ಯದಂತೆ ಹೊರಹೋಗುವವರ ಚೀಲ ತಪಾಸಣೆ ಮಾಡುವವನು. ಬಿಟ್ಟಿಯಾಗಿ ಒಳಗೆ ಹೋಗಬಹುದು ಎಂಬ ಆಸೆ ಅವಳಿಗೆ. ಕೇಳಿದಾಗಲೇ ಅವನ ಮೈ ಉರಿದಿತ್ತು. ಆದರೆ ತಂಗಿಗೆ ಬಂದ ಹಿಂದಿನ ಸಂಬಂಧಗಳೆಲ್ಲ ಮುರಿದದ್ದು ಇವನ ಬಾಯಿಂದಲೇ. ಈ ಸಲವಾದರೂ ನಾಲಗೆ ಬಿಗಿಹಿಡಿಯಪ್ಪ ಎಂದು ಅಮ್ಮ ಕೈಮುಗಿದಿದ್ದಳು.

ಎರಡೂ ಮನೆಯವರು ಗುಡ್ಡದ ಕಾಲುದಾರಿ ಸುತ್ತಿ ಗೇಟಿಗೆ ವಾಪಸು ಬಂದರು. ಕೆಂಪು ಬಂಡೆ, ಕೆಳಗೆ ಕಣಿವೆ, ಹೆಜ್ಜೆಹೆಜ್ಜೆಗೂ ಕಲ್ಲಾಗಿ ಕೂತ ಜೀವಗಳು. ಹುಡುಗನ ಮುಖ ಅರಳಿತ್ತು, ತಂಗಿಯದೂ.

"ಇಷ್ಟು ದೂರ ನಡೆಸಿ ತೋರಿಸಿದ್ದೇನು, ಕಲ್ಲು. ನಮ್ಮ ಹಿತ್ತಲಲ್ಲಿ ಇರಲಿಲ್ವಾ?" ಎಂದಳು ಹುಡುಗನ ತಾಯಿ, ಬೆವರೊರೆಸಿಕೊಳ್ಳುತ್ತ.

"ಚೀಲ ಕೊಡಿ ಅಮ್ಮ, ನೋಡಿ ಕೊಡ್ತೀನಿ," ಎಂದ ಅಣ್ಣ.

"ಬೀಗರ ಚೀಲಾನೂ ನೋಡ್ತೀಯಾ? ಭಾರಿ ನಿಯತ್ತು ಕಣಪ್ಪ ನಿಂದು."

ಅಣ್ಣನ ಬೆನ್ನ ಹಿಂದೆಯೇ ಪಾರ್ಕಿನ ಮೇಲ್ವಿಚಾರಕ ನಿಂತಿದ್ದ. ಇವನು ಕೈಹಾಕಿದ. ನೀರಿನ ಬಾಟಲಿಯ ಅಡಿಯಲ್ಲಿ ಕರವಸ್ತ್ರದ ಗಂಟು. ಬಿಚ್ಚಿದರೆ ಅಂಗೈಯಗಲದ ಸುರುಳಿ ಚಿಪ್ಪು, ಕಲ್ಲಾದದ್ದು. ಬಂಡೆಯಿಂದ ಕಿತ್ತ ಕಡೆ ಇನ್ನೂ ಹಸಿಯಾಗಿ ಬೆಳ್ಳಗಿತ್ತು.

"ಯಾರು ಕಿತ್ತಿದ್ದು?" ಮೇಲ್ವಿಚಾರಕ ಮುಂದೆ ಬಂದ.

ಆ ಹೆಂಗಸು ಕಣಿವೆಯ ಚೆಂದ ನೋಡತೊಡಗಿದಳು. ಹುಡುಗ ತನ್ನ ಚಪ್ಪಲಿ ನೋಡಿಕೊಂಡ. ಅಣ್ಣ ಇನ್ನೇನು ಬಾಯಿ ತೆರೆಯಬೇಕು, ತಂಗಿ ನಡುವೆ ಬಂದಳು.

"ನಾನೇ ಸಾರ್. ಚೆನ್ನಾಗಿದೆ ಅಂತ ಕಿತ್ಕೊಂಡು ಅತ್ತೆ ಚೀಲದಲ್ಲಿಟ್ಟೆ. ಅವರಿಗೆ ಗೊತ್ತಿಲ್ಲ."

ಆಗಲೇ ಅತ್ತೆ ಎಂದುಬಿಟ್ಟಿದ್ದಳು.

"ನಿನ್ನ ತಂಗೀನಾ? ಸರಿಹೋಯ್ತು. ಕಾಯೋನು ನೀನು, ಕದಿಯೋಳು ಇವಳು," ಎಂದ ಮೇಲ್ವಿಚಾರಕ. "ಇವರೆಲ್ಲರ ಮುಂದೆ ತಪ್ಪಾಯ್ತು ಅನ್ನಮ್ಮ, ಬಿಡ್ತೀನಿ."

ಸಾಲಿನಲ್ಲಿ ನಿಂತ ಜನ ಕತ್ತು ಉದ್ದ ಮಾಡಿ ನೋಡಿದರು. ಅವಳು ಹೇಳಿದಳು. ಕೇಳಿಸಲಿಲ್ಲ ಎಂದು ಯಾರೋ ನಕ್ಕರು. ಅವಳು ಇನ್ನೊಮ್ಮೆ ಹೇಳಿದಳು.

"ಹೋಗ್ಲಿ ಬಿಡಿ ಸಾರ್, ಹುಡುಗು ಬುದ್ಧಿ," ಎಂದು ಹುಡುಗನ ತಾಯಿ ದೊಡ್ಡ ಮನಸ್ಸು ಮಾಡಿದಳು. ಆಮೇಲೆ ಹುಡುಗಿಯ ಅಮ್ಮನ ಕಿವಿಗೆ ಬಾಗಿ, "ಹುಡುಗಿ ನಮಗೆ ಒಪ್ಪಿಗೆ ಕಣ್ರೀ. ನಮ್ಮನೇಗೆ ಹೊಂದ್ಕೋತಾಳೆ," ಎಂದಳು. ಅಮ್ಮನ ಕಣ್ಣಲ್ಲಿ ನೀರಾಡಿತು, ಸಂತೋಷಕ್ಕೆ.

ಅವನು ತಂಗಿಯನ್ನು ಪಕ್ಕಕ್ಕೆಳೆದ. "ಈಗ್ಲೂ ಹೇಳ್ಬಿಡ್ತೀನಿ ಕಣೇ."

"ಹೇಳಿದ್ರೆ, ಕಳ್ಳಿ ಅನ್ನಿಸ್ಕೊಂಡಿದ್ದೂ ದಂಡ ಆಗುತ್ತೆ," ಎಂದಳು ಅವಳು. "ಕೈ ಬಿಡಣ್ಣ. ಅವರು ಕರೀತಿದಾರೆ."